ಕೇಳಿಸಿಕೊಂಡವರು ಬಾಯಿ ಬಿಡಬೇಕು

ರಾತ್ರಿ ಎರಡು ಗಂಟೆಗೆ ಪಕ್ಕದಲ್ಲಿ ಮಲಗಿದವರು ಕರಕರ ಎಂದು ಹಲ್ಲು ಕಡಿಯುತ್ತಾರೆ. ನಿಮಗೆ ಎಚ್ಚರವಾಗುತ್ತದೆ. ಭುಜ ಅಲುಗಿಸುತ್ತೀರಿ, ಅವರು ಮಗ್ಗುಲಾಗುತ್ತಾರೆ, ಸದ್ದು ನಿಲ್ಲುತ್ತದೆ, ನೀವೂ ಮಲಗುತ್ತೀರಿ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅದೊಂದು ತಮಾಷೆ, ಇಲ್ಲವೇ ಮರೆತುಹೋದ ಸಂಗತಿ. ಕಮ್ಮನಹಳ್ಳಿ, ಲಿಂಗರಾಜಪುರ, ಬಾಣಸವಾಡಿಗಳ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ನಾವು ಮೇಲಿನ ಮಹಡಿಯವರ ಮಿಕ್ಸಿ ಸದ್ದಿಗೆ ಜಗಳ ತೆಗೆಯುತ್ತೇವೆ. ನಮ್ಮದೇ ಹಾಸಿಗೆಯಲ್ಲಿ ಒಬ್ಬರ ದವಡೆ ಸವೆಯುತ್ತಿರುವ ಸದ್ದಿಗೆ ಹೊದಿಕೆ ಎಳೆದುಕೊಳ್ಳುತ್ತೇವೆ.

ಸರ್ವಜ್ಞನಗರದ ನೆರೆಹೊರೆಯವರೇ, ನನ್ನ ಈ ಕರೆ ಹಲ್ಲು ಕಡಿಯುವವರಿಗಿಂತ ಮೊದಲು ನಿಮಗೆ, ಅದನ್ನು ಕೇಳಿಸಿಕೊಳ್ಳುವವರಿಗೆ. ಕಡಿಯುವವರಿಗೆ ತಾವು ಕಡಿಯುತ್ತಿರುವುದೇ ಗೊತ್ತಿರುವುದಿಲ್ಲ. ಬೆಳಿಗ್ಗೆ ಕಪಾಳ ಭಾರವಾಗಿರುತ್ತದೆ, ಕಣತಲೆ ನೋಯುತ್ತದೆ, ಆಕಳಿಸಿದರೆ ಕಿವಿಯ ಮುಂದೆ ಲಟಕ್ಕೆನ್ನುತ್ತದೆ. ನಿದ್ದೆ ಸಾಲದೆಂದು ಅವರು ಎರಡು ಲೋಟ ಕಾಫಿ ಹೆಚ್ಚಿಗೆ ಕುಡಿಯುತ್ತಾರೆ. ನಿಜ ಗೊತ್ತಿರುವ ಸಾಕ್ಷಿ ನೀವೊಬ್ಬರೇ. ಆ ಸಾಕ್ಷಿ ಇಷ್ಟು ವರ್ಷ ಸುಮ್ಮನಿದೆ.

ಒಳಗೆ ಏನು ನಡೆಯುತ್ತದೆಂದು ತಿಳಿದರೆ ಸುಮ್ಮನಿರುವುದು ಕಷ್ಟ. ಉಣ್ಣುವಾಗ, ಎಂಜಲು ನುಂಗುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟುವ ಹೊತ್ತನ್ನೆಲ್ಲ ಕೂಡಿಸಿದರೂ ದಿನಕ್ಕೆ ಸುಮಾರು 20 ನಿಮಿಷ ದಾಟುವುದಿಲ್ಲ. ಉಳಿದ ಹೊತ್ತಿನಲ್ಲಿ ತುಟಿ ಮುಚ್ಚಿದ್ದರೂ ಹಲ್ಲಿನ ಸಾಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು, ದವಡೆ ಬಿಡುವಾಗಿರಬೇಕು. ನಮ್ಮ ಬಾಯಿಯ ಕಟ್ಟಡ ಎದ್ದಿರುವುದೇ ಈ ಲೆಕ್ಕದ ಮೇಲೆ. ಅನ್ನ ಅಗಿಯುವಾಗ ಹಲ್ಲುಗಳ ನಡುವೆ ತುತ್ತು ಇರುತ್ತದೆ, ಒತ್ತಡ ಬಹುಮಟ್ಟಿಗೆ ಬೇರಿನ ನೇರಕ್ಕೆ ಇಳಿಯುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ದವಡೆ ಅರೆಗಳಿಗೆಯಲ್ಲಿ ತಾನಾಗಿ ನಿಲ್ಲುತ್ತದೆ. ನಿದ್ದೆಯಲ್ಲಿ ಈ ಕಾವಲು ಸಡಿಲ. ತುತ್ತಿಲ್ಲದ ಬರಿ ಹಲ್ಲಿನ ಮೇಲೆ ಬರಿ ಹಲ್ಲು, ಅದೂ ಅಡ್ಡಡ್ಡಲಾಗಿ ಎಳೆದಾಟ. 1986ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ದಂತ ವಿಭಾಗದಲ್ಲಿ ಅಳೆದಾಗ ಒಬ್ಬ ಮನುಷ್ಯ ಎರಡು ಸೆಕೆಂಡು ಕಚ್ಚಿ ಹಿಡಿದ ಬಲ 975 ಪೌಂಡು, ಅಂದರೆ ಸುಮಾರು 440 ಕಿಲೋ. ಹಲ್ಲು ಕಡಿಯುವ, ಕಚ್ಚಿ ಹಿಡಿಯುವ ಕೆಲವರ ಬಲ ಉಳಿದವರ ಬಲದ ಆರು ಪಟ್ಟಿನವರೆಗೆ ಇರಬಹುದು ಎಂದು ಅದೇ ಸಂಶೋಧಕರು ಬರೆದರು. ಎಲ್ಲರೂ ಅಷ್ಟು ಬಲವಾಗಿ ಕಚ್ಚುತ್ತಾರೆಂದು ನಾನು ಹೇಳುತ್ತಿಲ್ಲ. ದವಡೆಯ ಸ್ನಾಯುವಿನ ಕೈಯಲ್ಲಿ ಏನಾಗಬಲ್ಲದು ಎಂಬುದಕ್ಕೆ ಈ ಅಂಕಿ.

ಆ ಬಲವನ್ನು ತಡೆದುಕೊಳ್ಳುವುದು ಯಾವುದು? ಹಲ್ಲು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಎಲುಬಿನ ಗುಳಿಗೂ ನಡುವೆ ಸುಮಾರು ಕಾಲು ಮಿಲಿಮೀಟರಿನ ಸಂದು. ಆ ಸಂದಿನಲ್ಲಿ ಅಸಂಖ್ಯ ನವಿರು ನಾರುಗಳು, ಒಂದು ತುದಿ ಬೇರಿನಲ್ಲಿ, ಇನ್ನೊಂದು ತುದಿ ಎಲುಬಿನಲ್ಲಿ ಹೂತು, ಹಲ್ಲನ್ನು ತೂಗಿ ಹಿಡಿದಿವೆ. ರಕ್ತನಾಳ, ನರ ಎಲ್ಲ ಅಲ್ಲೇ. ನೇರ ಒತ್ತಡವನ್ನು ಈ ನಾರಿನ ಹಾಸು ಚೆನ್ನಾಗಿ ತಾಳುತ್ತದೆ, ಅಡ್ಡ ಎಳೆತವನ್ನು ಅಷ್ಟಾಗಿ ತಾಳದು. ಬೇರು ಯಾವ ಮಗ್ಗುಲಿಗೆ ಒತ್ತುತ್ತದೋ ಅಲ್ಲಿ ನಾರುಗಳು ನಜ್ಜುಗುಜ್ಜಾಗುತ್ತವೆ, ರಕ್ತ ಓಡಾಟ ತಗ್ಗುತ್ತದೆ, ಎಲುಬನ್ನು ಕರಗಿಸುವ ಜೀವಕೋಶಗಳು ಬಂದು ಗುಳಿಯನ್ನು ಅಗಲ ಮಾಡುತ್ತವೆ. ಎಳೆತ ಬಿದ್ದ ಮಗ್ಗುಲಲ್ಲಿ ಹೊಸ ಎಲುಬು ಕೂಡುತ್ತದೆ. ಒತ್ತಡ ಒಂದೇ ದಿಕ್ಕಿನದಾದರೆ ಹಲ್ಲು ಸರಿದು ಪಾರಾಗುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿ ನೇರ ಮಾಡುವ ವೈದ್ಯರು ನಂಬಿರುವುದು ಇದನ್ನೇ. ಕಡಿತದಲ್ಲಿ ಹಾಗಲ್ಲ, ಅತ್ತ ತಳ್ಳಿ ಇತ್ತ ತಳ್ಳಿ, ಎರಡೂ ಮಗ್ಗುಲು ಒಂದಾದ ಮೇಲೊಂದರಂತೆ ಪೆಟ್ಟು ತಿನ್ನುತ್ತವೆ. ಸಂದು ಅಗಲವಾಗುತ್ತದೆ. ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಕಪ್ಪು ಗೆರೆ ದಪ್ಪಗೆ ಕಾಣುತ್ತದೆ. ಹಲ್ಲು ಬೆರಳಿಗೆ ಅಲ್ಲಾಡುತ್ತದೆ.

ಇಲ್ಲಿಯವರೆಗಿನದು ಬಹುಪಾಲು ಹಿಂದಿರುಗಬಲ್ಲ ಕಥೆ. ವಸಡು ಶುದ್ಧವಾಗಿದ್ದು, ಒತ್ತಡ ತಗ್ಗಿದರೆ ಸಂದು ಮತ್ತೆ ಕಿರಿದಾಗುತ್ತದೆ, ಹಲ್ಲು ಗಟ್ಟಿಯಾಗುತ್ತದೆ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಈ ವಿಷಯದಲ್ಲಿ ಹೆದರಿಸುವ ವ್ಯಾಪಾರವೂ ಜೋರಾಗಿದೆ, ಅಸಡ್ಡೆಯೂ ಜೋರಾಗಿದೆ. ನಿಜ ಎರಡರ ಕೈಗೂ ಸಿಗುತ್ತಿಲ್ಲ.

ಹಲ್ಲು ಕಡಿತ ವಸಡನ್ನು ಹಾಳುಮಾಡುತ್ತದೆಯೇ ಎಂಬ ವಾದ ನೂರು ವರ್ಷಕ್ಕಿಂತ ಹಳೆಯದು. 1901ರಲ್ಲಿ ವಿಯೆನ್ನಾದ ಕರೋಲಿ ಎಂಬ ದಂತವೈದ್ಯ, ವಸಡು ಕೊಳೆತು ಹಲ್ಲು ಬೀಳುವ ರೋಗಕ್ಕೆ ಹಲ್ಲು ಕಡಿತದ ಮಿತಿಮೀರಿದ ಒತ್ತಡವೂ ಕಾರಣ ಎಂದರು. 1960ರ ದಶಕದಲ್ಲಿ ಅಮೆರಿಕದ ಗ್ಲಿಕ್‌ಮನ್, ಉರಿಯೂತವೂ ಒತ್ತಡವೂ ಸೇರಿಕೊಂಡು ನಾಶ ಮಾಡುತ್ತವೆ ಎಂದು ವಾದಿಸಿದರು. ನಾರ್ವೆಯ ಓಸ್ಲೋದಲ್ಲಿ ಕೆಲಸ ಮಾಡಿದ ವೇರ್‌ಹೌಗ್ ಒಪ್ಪಲಿಲ್ಲ, ಎಲುಬು ತಿನ್ನುವುದು ಹಲ್ಲಿನ ಮೇಲಿನ ಕೊಳೆಯೇ ಎಂದರು. 1970ರ ದಶಕದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗವಾಯಿತು. ಸ್ವೀಡನ್ನಿನ ಲಿಂಡೆಯವರ ತಂಡ ಬೀಗಲ್ ನಾಯಿಗಳಲ್ಲಿ ಕೊಳೆಯ ಜೊತೆ ಅಲುಗಾಟವನ್ನೂ ಸೇರಿಸಿದಾಗ ಹಲ್ಲನ್ನು ಹಿಡಿದಿಟ್ಟ ವಸಡಿನ ಕಟ್ಟು ಬೇಗ ಬಿಟ್ಟಿತು. ಅಮೆರಿಕದಲ್ಲಿ ಪೋಲ್ಸನ್ ಅಳಿಲುಕೋತಿಗಳ ಮೇಲೆ ಮಾಡಿದಾಗ ಎಲುಬು ಕರಗಿತು, ಆದರೆ ಕಟ್ಟು ಹೆಚ್ಚಿಗೆ ಬಿಡಲಿಲ್ಲ. ಅಮೆರಿಕ ಮತ್ತು ಯೂರೋಪಿನ ವಸಡು ತಜ್ಞರು ಕೂಡಿ 2018ರಲ್ಲಿ ಪ್ರಕಟಿಸಿದ ವರ್ಗೀಕರಣದ ನಿಲುವು ಇದು: ಕಚ್ಚುವ ಒತ್ತಡವೊಂದೇ ಮನುಷ್ಯರಲ್ಲಿ ವಸಡಿನ ಕಟ್ಟನ್ನು ಬಿಡಿಸುತ್ತದೆ ಎನ್ನಲು ಪುರಾವೆ ಇಲ್ಲ.

ಹಾಗಾದರೆ ನಿಶ್ಚಿಂತರಾಗಿರಬಹುದೇ? ಆ ತೀರ್ಪಿನಲ್ಲಿರುವ ‘ಒಂದೇ’ ಎಂಬ ಮಾತನ್ನು ಮರೆಯಬೇಡಿ. ಒಣ ನೆಲದಲ್ಲಿ ಹೂತ ಬೇಲಿಗೂಟವನ್ನು ಎಷ್ಟು ಅಲುಗಿಸಿದರೂ ಅದು ಸ್ವಲ್ಪ ಸಡಿಲವಾಗಿ ನಿಲ್ಲುತ್ತದೆ. ಮಳೆ ನೆನೆದ ಮಣ್ಣಿನಲ್ಲಿ ಅಷ್ಟೇ ಅಲುಗಿಸಿದರೆ ಬುಡ ಸಮೇತ ಕೈಗೆ ಬರುತ್ತದೆ. ನಮ್ಮಲ್ಲಿ ಎಷ್ಟು ಜನರ ವಸಡು ಒಣ ನೆಲ? ಬ್ರಷ್ ಮಾಡುವಾಗ ರಕ್ತ ಬಂದರೆ “ಉಷ್ಣ ಆಗಿದೆ” ಎಂದು ಎಳನೀರು ಕುಡಿಯುವ ಜನ ನಾವು. ಹಲ್ಲಿನ ಬುಡದಲ್ಲಿ ಗಟ್ಟಿಗಟ್ಟಿದ ಪಾಚಿಯನ್ನು ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂದು ನಂಬಿದವರು ಪ್ರತಿ ಓಣಿಯಲ್ಲೂ ಇದ್ದಾರೆ. ಪಾಚಿಯೇ ಆಧಾರವಾಗಿ ನಿಂತ ಹಲ್ಲನ್ನು ಕಂಡು ಗಟ್ಟಿ ಹಲ್ಲು ಎಂದುಕೊಳ್ಳುವ ಮೋಸ ಇದು. ಇದಕ್ಕೆ ಸಕ್ಕರೆ ಕಾಯಿಲೆ ಸೇರಲಿ. ವಸಡಿನ ರೋಗ ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ವಸಡಿನ ರೋಗವನ್ನು ಏರಿಸುತ್ತದೆ. ಇದಕ್ಕೆ ಸಿಗರೇಟು, ಬೀಡಿ, ಗುಟ್ಕಾ ಸೇರಲಿ. ಆ ನೆನೆದ ನೆಲದ ಮೇಲೆ ರಾತ್ರಿಯ ಕಡಿತ ಬಂದು ಕೂತಾಗ, ಆಗಲೇ ಅರ್ಧ ಎಲುಬು ಕಳೆದುಕೊಂಡ ಹಲ್ಲಿಗೆ ಮೊದಲಿನ ಒತ್ತಡವೂ ಮಿತಿಮೀರಿದ ಒತ್ತಡವೇ. ಅಲ್ಲಾಡುವ ಹಲ್ಲಿನ ವಸಡು ಚಿಕಿತ್ಸೆಯ ಮೇಲೂ ಅಷ್ಟು ಚೆನ್ನಾಗಿ ಮಾಯುವುದಿಲ್ಲ ಎಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 1980ರಲ್ಲೇ ತೋರಿಸಿದ್ದಾರೆ. ಹೀಗೆ ಕಳೆದುಹೋದ ಎಲುಬು ತಾನಾಗಿ ಬೆಳೆದು ಬರುವುದಿಲ್ಲ.

ಎಲುಬಿಗೆ ಇನ್ನೊಂದು ಮುಖವೂ ಇದೆ. ಕೆಲವರಲ್ಲಿ ಅದು ಕರಗುವ ಬದಲು ಬೆಳೆಯುತ್ತದೆ. ಕೆಳದವಡೆಯ ಒಳಮಗ್ಗುಲಲ್ಲಿ, ನಾಲಿಗೆಯ ಪಕ್ಕಕ್ಕೆ, ಗಟ್ಟಿ ಗಂಟು ಮೂಡುತ್ತದೆ. ವಂಶದಿಂದಲೂ ಬರುತ್ತದೆ, ಹಲ್ಲು ಕಡಿಯುವವರಲ್ಲಿ ಹೆಚ್ಚಾಗಿಯೂ ಕಾಣುತ್ತದೆ. ಗುಟ್ಕಾ ಹಾಕುವವನೊಬ್ಬ ಅದನ್ನು ನಾಲಿಗೆಯಲ್ಲಿ ತಡವಿ ಕ್ಯಾನ್ಸರ್ ಎಂದು ಬೆವರಿ, ಯಾರಿಗೂ ಹೇಳದೆ ತಿಂಗಳುಗಟ್ಟಲೆ ಒಳಗೊಳಗೇ ಸಾಯಬಹುದು. ಎರಡೂ ಕಡೆ ಸಮನಾಗಿ, ಕಲ್ಲಿನಂತೆ ಗಟ್ಟಿಯಾಗಿ, ನೋವಿಲ್ಲದೆ ಇದ್ದರೆ ಅದು ಬಹುಪಾಲು ಎಲುಬೇ. ಆದರೂ ತೋರಿಸಲಿ, ಗುಟ್ಕಾ ಹಾಕುವವರ ಬಾಯಿಯನ್ನು ಹೇಗೂ ವೈದ್ಯರು ನೋಡಲೇಬೇಕು.

ಇನ್ನು ನಮ್ಮ ಬಡಾವಣೆಗಳ ಮಾತು. ದೊಡ್ಡವರಲ್ಲಿ ನೂರಕ್ಕೆ ಸುಮಾರು 8ರಿಂದ 13 ಜನ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎನ್ನುತ್ತವೆ ಹೊರದೇಶದ ಅಧ್ಯಯನಗಳು. ಎಚ್ಚರದಲ್ಲೇ ದವಡೆ ಬಿಗಿಹಿಡಿಯುವವರು ಇನ್ನೂ ಹೆಚ್ಚು, ನೂರಕ್ಕೆ 22ರಿಂದ 31. ನಿದ್ದೆಯ ಕಡಿತ ಹೆಚ್ಚಾಗಿ ಬರುವುದು ನಿದ್ದೆ ಚೂರುಚೂರಾಗಿ ಮುರಿಯುವ ಕ್ಷಣಗಳಲ್ಲಿ, ಮೆದುಳು ಅರೆ ಎಚ್ಚರಕ್ಕೆ ಬಂದು ಮತ್ತೆ ಇಳಿಯುವಾಗ. ರಾತ್ರಿಯ ಮದ್ಯ, ತಂಬಾಕು, ಮಿತಿಮೀರಿದ ಕಾಫಿ, ಮನಸ್ಸಿನ ಒತ್ತಡ ಇವೆಲ್ಲ ಅದಕ್ಕೆ ನೆರವಾಗುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬರಬಹುದು; ಹಾಗೆಂದು ಯಾರೂ ತಾವೇ ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವವರಲ್ಲೂ ಕಡಿತ ಜೊತೆಯಾಗಿ ಕಾಣಿಸಿಕೊಳ್ಳಬಹುದು. ಅಲ್ಲಿ ಹಲ್ಲಿಗಿಂತ ಉಸಿರು ಮುಖ್ಯ.

ಈ ಪಟ್ಟಿಯನ್ನು ಹಿಡಿದುಕೊಂಡು ಸಂಜೆ ನಾಗವಾರದಿಂದ ಹೆಣ್ಣೂರು ಕ್ರಾಸಿನವರೆಗೆ ಹೊರವರ್ತುಲ ರಸ್ತೆಯಲ್ಲಿ ಬನ್ನಿ. ಮಾನ್ಯತಾ ಟೆಕ್ ಪಾರ್ಕಿಗೆ ರಾತ್ರಿಪಾಳಿಯವರನ್ನು ಒಯ್ಯುವ ಕ್ಯಾಬುಗಳು, ಅವುಗಳ ಚಾಲಕರು, ಕಲ್ಯಾಣನಗರ ಕಮ್ಮನಹಳ್ಳಿಗಳ ಹೋಟೆಲುಗಳ ಮುಂದೆ ಊಟದ ಪೊಟ್ಟಣಕ್ಕೆ ಕಾಯುವ ಡೆಲಿವರಿ ಹುಡುಗರು. ಸಿಗ್ನಲ್ಲಿನಲ್ಲಿ ಅವರ ಕೆನ್ನೆಯ ಹಿಂಭಾಗ ನೋಡಿ, ಸ್ನಾಯು ಉಬ್ಬಿ ಇಳಿಯುತ್ತಿರುತ್ತದೆ. ಬಾಣಸವಾಡಿ ಮುಖ್ಯರಸ್ತೆಯ ಐಟಿಸಿ ಆವರಣದಲ್ಲಿ ಒಂದು ಕಾಲಕ್ಕೆ ಸಿಗರೇಟು ತಯಾರಾಗುತ್ತಿತ್ತು, ಈಗ ಅಲ್ಲಿ ಸಾಫ್ಟ್‌ವೇರ್ ತಯಾರಾಗುತ್ತದೆ. ಈ ಭಾಗದ ದುಡಿಮೆ ಬದಲಾಯಿತು. ದವಡೆಯ ಮೇಲಿನ ಹೊರೆ ಇಳಿಯಿತೆಂದು ನನಗೆ ತೋರುವುದಿಲ್ಲ. ಹಗಲು ರಾತ್ರಿಯನ್ನು ಅದಲು ಬದಲು ಮಾಡಿ ದುಡಿಸಿಕೊಂಡು, ನಿದ್ದೆ ಹೋಗದಂತೆ ಪುಕ್ಕಟೆ ಕಾಫಿ ಯಂತ್ರ ಇಟ್ಟು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಕಂಪನಿಯ ಹೊಣೆ ತೀರಿತೇ? ಆ ತಪಾಸಣೆಯ ಕಾಗದದಲ್ಲಿ ಬಾಯಿಗೊಂದು ಸಾಲು ಸೇರಿಸಿ, ಸ್ವಾಮಿ. ಪಾಳಿಯನ್ನು ವಾರಕ್ಕೊಂದು ಬಾರಿ ಬುಡಮೇಲು ಮಾಡಬೇಡಿ.

ಸರ್ಕಾರವನ್ನೂ ಕೇಳಬೇಕು. ದಂತಭಾಗ್ಯ ಯೋಜನೆ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುತ್ತದೆ. ಒಳ್ಳೆಯ ಯೋಜನೆ, ಅದರಿಂದ ಎಷ್ಟೋ ಅಜ್ಜಿಯರು ಮತ್ತೆ ರೊಟ್ಟಿ ಮುರಿದು ತಿಂದಿದ್ದಾರೆ. ಆದರೆ ಎಲುಬು ಕರಗಿ ತೆಳ್ಳಗಾದ ದವಡೆಯ ಮೇಲೆ ಸೆಟ್ಟು ಸರಿಯಾಗಿ ಕೂರುವುದಿಲ್ಲ. ಹಲ್ಲು ಬಿದ್ದ ಮೇಲೆ ಭಾಗ್ಯ ಕೊಡುವವರು ಬೀಳುವ ಇಪ್ಪತ್ತು ವರ್ಷ ಮೊದಲು ಒಂದು ಕ್ಲೀನಿಂಗ್, ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಒಂದು ನೈಟ್ ಗಾರ್ಡ್ ಕೊಟ್ಟರೆ ಖಜಾನೆಗೆ ಹೊರೆಯೇ? 2025ರಲ್ಲಿ ರಾಜ್ಯ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕಾನೂನು ಮಾಡಿತು, ಅವರಿಗೊಂದು ಕಲ್ಯಾಣ ಮಂಡಳಿ ಎಂದಿತು. ಆ ಮಂಡಳಿಯ ಆರೋಗ್ಯದ ಲೆಕ್ಕದಲ್ಲಿ ಹಲ್ಲು, ವಸಡು, ನಿದ್ದೆ ಮೂರನ್ನೂ ಸೇರಿಸಬೇಕೆಂದು ನಮ್ಮ ಶಾಸಕರ ಕಚೇರಿಗೆ ಅರ್ಜಿ ಕೊಡಲು ಒಬ್ಬರಾದರೂ ಎದ್ದು ನಿಲ್ಲಬೇಕು.

ದಂತವೈದ್ಯರೇ, ನಿಮ್ಮ ಮೇಲೆ ನನಗೆ ಗೌರವವಿದೆ, ಒಂದಿಷ್ಟು ಸಿಟ್ಟೂ ಇದೆ. ಕಮ್ಮನಹಳ್ಳಿಯ ಒಂದೊಂದು ರಸ್ತೆಗೂ ನಿಮ್ಮ ಫಲಕಗಳಿವೆ. ಸವೆದು ಚಪ್ಪಟೆಯಾದ ಹಲ್ಲು ಕಂಡ ಕೂಡಲೇ ಕ್ಯಾಪಿನ ಲೆಕ್ಕ ಹಾಕುವ ಮೊದಲು ಅದು ಸವೆದದ್ದು ಯಾಕೆಂದು ಕೇಳಿ. ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಕೂರಿಸುವ ಮೊದಲಂತೂ ಕೇಳಲೇಬೇಕು: ಇಂಪ್ಲಾಂಟಿನ ಸುತ್ತ ಆ ನಾರಿನ ಹಾಸು ಇಲ್ಲ, ಒತ್ತಡದ ಸುಳಿವು ಕೊಡುವ ನರವೂ ಇಲ್ಲ, ಕಡಿಯುವವರ ಬಾಯಲ್ಲಿ ಸ್ಕ್ರೂ ಸಡಿಲವಾಗುವುದು, ಪಿಂಗಾಣಿ ಒಡೆಯುವುದು ನಿಮಗೆ ಗೊತ್ತಿರುವ ಸಂಗತಿಯೇ. ವಸಡಿನ ಆಳ ಅಳೆಯದೆ ನೈಟ್ ಗಾರ್ಡ್ ಮಾರಬೇಡಿ. ಗಾರ್ಡ್ ಹಲ್ಲನ್ನು ಕಾಯುತ್ತದೆ, ಒತ್ತಡವನ್ನು ಹಂಚುತ್ತದೆ, ಕಡಿಯುವ ಚಾಳಿಯನ್ನು ಬಿಡಿಸುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ. ಬಿಸಿನೀರಿಗೆ ಹಾಕಿ ತಾವೇ ಕಚ್ಚಿ ಆಕಾರ ಕೊಡುವ ಆನ್‌ಲೈನ್ ರಬ್ಬರ್ ಗಾರ್ಡುಗಳನ್ನು ಕೆಲವರು ಇನ್ನೂ ಬಲವಾಗಿ ಕಚ್ಚುತ್ತಾರೆ ಎಂದೂ ಹೇಳಿ. ಕಡಿಯುವವರೆಲ್ಲ ರೋಗಿಗಳಲ್ಲ. ಆರೋಗ್ಯವಂತರಲ್ಲಿ ಅದನ್ನು ರೋಗವೆಂದು ಕರೆಯಬಾರದು, ಅಪಾಯ ತರಬಹುದಾದ ವರ್ತನೆ ಎಂದು ಕರೆಯಬೇಕು ಎಂದು ಅಂತರರಾಷ್ಟ್ರೀಯ ತಜ್ಞರೇ 2018ರಲ್ಲಿ ಒಪ್ಪಿಕೊಂಡಿದ್ದಾರೆ. ಹೆದರಿಸಿ ಗೆದ್ದ ರೋಗಿ ಎರಡನೆಯ ಸಲ ಬರುವುದಿಲ್ಲ.

ಕುಕ್ ಟೌನಿನ ಕ್ಲೈನ್ ರಸ್ತೆಯಲ್ಲಿ ಎಂ.ಆರ್. ಅಂಬೇಡ್ಕರ್ ದಂತ ಮಹಾವಿದ್ಯಾಲಯವಿದೆ, ನಮ್ಮ ಮನೆಬಾಗಿಲಲ್ಲೇ. ಕೋಟೆಯ ಬಳಿ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. ಖಾಸಗಿ ಕ್ಲಿನಿಕ್ಕಿನ ಬಿಲ್ಲಿಗೆ ಅಂಜಿ ಹತ್ತು ವರ್ಷ ಮುಂದೂಡುವವರು ಇಂಥ ಕಡೆ ಹೋಗಲಿ. ವಿದ್ಯಾರ್ಥಿಗಳು ನೋಡುತ್ತಾರೆಂಬ ಅಳುಕು ಬೇಡ. ಅವರ ಹಿಂದೆ ಅಧ್ಯಾಪಕರು ನಿಂತಿರುತ್ತಾರೆ, ಆತುರವಿಲ್ಲದೆ ಒಂದೊಂದು ಹಲ್ಲಿನ ಸುತ್ತ ಅಳೆದು ಬರೆದುಕೊಳ್ಳುವ ತಾಳ್ಮೆ ಅಲ್ಲಿ ಸಿಗುತ್ತದೆ. ಆ ಕಾಲೇಜುಗಳಿಗೂ ಒಂದು ಬೇಡಿಕೆ: ಶಿಬಿರವನ್ನು ಶಾಲೆಗಳಲ್ಲಿ ಮಾತ್ರ ಇಡಬೇಡಿ. ರಾತ್ರಿಪಾಳಿ ಮುಗಿಸಿ ಬರುವ ಚಾಲಕರಿಗೆ ಬೆಳಿಗ್ಗೆ ಏಳಕ್ಕೆ ಆಟೋ ನಿಲ್ದಾಣದಲ್ಲಿ ಇಡಿ. ಹತ್ತು ಗಂಟೆಗೆ ಅವರು ಮಲಗಿರುತ್ತಾರೆ.

ಮಕ್ಕಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮಗು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಎನ್ನುತ್ತಾರೆ ಅಜ್ಜಿಯರು. ಹುಳುವಿನ ಮಾತ್ರೆ ಬೇಕಾದಾಗ ಕೊಡಿ, ಅದಕ್ಕೆ ಬೇರೆ ಕಾರಣಗಳಿವೆ. ಕಡಿತಕ್ಕೆ ಅದೇ ಮದ್ದೆಂದು ನಂಬಿ ಕೂರಬೇಡಿ. ಮಕ್ಕಳಲ್ಲಿ ಕಡಿತ ಸಾಮಾನ್ಯ, ಬೆಳೆದಂತೆ ಬಹುಪಾಲು ತಾನೇ ತಗ್ಗುತ್ತದೆ. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಾದರೆ ಮಾತ್ರ ಮೂಗು ಗಂಟಲು ತೋರಿಸಿ. ನನ್ನ ಚಿಂತೆ ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರದು.

ಅದರಲ್ಲೂ ಅಮ್ಮಂದಿರದು. ಮನೆಯಲ್ಲಿ ಎಲ್ಲರ ಸಿಟ್ಟು ನುಂಗಿಕೊಂಡು, ಬಾಯಿಗೆ ಬಂದ ಮಾತನ್ನು ಹಿಂದಕ್ಕೆ ತಳ್ಳಿ, ತಾಳ್ಮೆಗೆ ಹೆಸರಾದ ಎಷ್ಟು ಹೆಂಗಸರ ದವಡೆ ಹಗಲಿಡೀ ಬಿಗಿದಿರುತ್ತದೆ! ಗಾರ್ಮೆಂಟ್ಸಿನ ಯಂತ್ರದ ಮುಂದೆ ಕೂತು ಪೀಸಿನ ಲೆಕ್ಕಕ್ಕೆ ಓಡುವಾಗ ಬಿಗಿದದ್ದು, ಮನೆಗೆ ಬಂದು ಒಲೆಯ ಮುಂದೆ ನಿಂತಾಗಲೂ ಸಡಿಲವಾಗಿರುವುದಿಲ್ಲ. ಆಕೆಯ ಹಲ್ಲು ಜುಮ್ಮೆಂದರೆ ಲವಂಗ, ತಲೆ ನೋವಿಗೆ ಒಂದು ಮಾತ್ರೆ, ಅಲ್ಲಿಗೆ ಮುಗಿಯಿತು. ಹಲ್ಲಿಗಾಗಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಗಂಡಸರನ್ನು ಬೆರಳಲ್ಲಿ ಎಣಿಸಬಹುದು. ತಾಳ್ಮೆಯನ್ನು ಹೊಗಳುವ ನಮ್ಮ ಸಂಸ್ಕೃತಿ ಅದರ ಬೆಲೆಯನ್ನು ಯಾರ ಎಲುಬಿನಿಂದ ವಸೂಲಿ ಮಾಡುತ್ತಿದೆ ಎಂದು ಒಮ್ಮೆಯಾದರೂ ಕೇಳಿಕೊಳ್ಳೋಣ. ಇಎಸ್‌ಐ ಕಾರ್ಡು ಇರುವ ಗಾರ್ಮೆಂಟ್ಸ್ ತಾಯಂದಿರೇ, ಅದು ಜ್ವರಕ್ಕೆ ಮಾತ್ರ ಎಂದುಕೊಳ್ಳಬೇಡಿ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಹಲ್ಲಿನ ಮಾತನ್ನೂ ಎತ್ತಿ.

ಈ ಕ್ಷೇತ್ರಕ್ಕೆ ಇಟ್ಟಿರುವುದು ಯಾರ ಮುಲಾಜೂ ನೋಡದೆ ಮೂರು ಸಾಲಿನಲ್ಲಿ ಮುಖಕ್ಕೆ ಹೇಳಿ ಮುಂದಿನ ಊರಿಗೆ ನಡೆದವನ ಹೆಸರು. ನಮಗೆ ಪದ್ಯ ಕಟ್ಟಲು ಬರದಿದ್ದರೆ ಬೇಡ. ಪಕ್ಕದಲ್ಲಿ ಮಲಗಿದವರಿಗೆ ಒಂದು ಮಾತು ಹೇಳಲು ಬಂದರೆ ಸಾಕು. ಗೇಲಿ ಮಾಡಬೇಡಿ, ಬೈಯಲೂ ಬೇಡಿ. ನಾಚಿಕೆಯಾದರೆ ದವಡೆ ಇನ್ನಷ್ಟು ಬಿಗಿಯುತ್ತದೆ. ಫೋನಿನಲ್ಲಿ ಅರ್ಧ ನಿಮಿಷ ಸದ್ದು ಹಿಡಿದಿಡಿ, ಅವರಿಗೆ ಕೇಳಿಸಿ, ಸೋದರಮಾವನ ವಾಟ್ಸಾಪ್ ಗುಂಪಿಗೆ ಮಾತ್ರ ಕಳಿಸಬೇಡಿ. ಹಗಲಿನಲ್ಲಿ ಹಲ್ಲು ಕೂಡಿದ್ದು ಕಂಡರೆ ಮೆಲ್ಲನೆ ನೆನಪಿಸಿ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ಹಗುರಾಗಿರಲಿ. ಬ್ರಷ್ ಮಾಡಿದಾಗ ರಕ್ತ ಬರುತ್ತದೆಯೇ, ಮೊದಲು ಕೂಡಿಕೊಂಡಿದ್ದ ಮುಂದಿನ ಹಲ್ಲುಗಳ ನಡುವೆ ಈಚೆಗೆ ಸಂದು ಬಿದ್ದಿದೆಯೇ ಎಂದು ವಿಚಾರಿಸಿ. ಬಿದ್ದಿದ್ದರೆ ಹಬ್ಬ ಕಳೆಯಲಿ, ಸಂಬಳ ಬರಲಿ ಎಂದು ಕಾಯಬೇಡಿ.

ದಂತವೈದ್ಯರ ಹತ್ತಿರ ಅವರನ್ನು ಒಬ್ಬರನ್ನೇ ಕಳಿಸಲೂ ಬೇಡಿ. ವಾರಕ್ಕೆ ಎಷ್ಟು ರಾತ್ರಿ ಕಡಿಯುತ್ತೀರಿ, ಗೊರಕೆ ಇದೆಯೇ, ನಡುವೆ ಉಸಿರು ನಿಲ್ಲುತ್ತದೆಯೇ, ಕುಡಿದ ರಾತ್ರಿ ಹೆಚ್ಚಾಗುತ್ತದೆಯೇ, ಯಾವಾಗ ಶುರುವಾಯಿತು ಎಂದು ಅಲ್ಲಿ ಕೇಳುತ್ತಾರೆ. ಕುರ್ಚಿಯಲ್ಲಿ ಒರಗಿದವರಿಗೆ ಇದರಲ್ಲಿ ಒಂದಕ್ಕೂ ಉತ್ತರ ಗೊತ್ತಿರುವುದಿಲ್ಲ. ರಜೆ ಹಾಕಿ ಜೊತೆಗೆ ಹೋಗಿ, ಪಕ್ಕದ ಸ್ಟೂಲಿನಲ್ಲಿ ಕೂತು ನೀವೇ ಹೇಳಿ.